ಹತ್ತೊಂಬತ್ತನೇ ಪುಟ

ಅರವತ್ತೇಳಕ್ಕೆ ಎರಡು ಹುಚ್ಚು ಹಿಡಿದವು ಒಟ್ಟಿಗೇ:
ಬೆಳಗಿನ ಓಟ, ರಾತ್ರಿಯ ಬರಹ.
ಒಂದಾದರೆ ಸಹಿಸುತ್ತಿದ್ದೆ, ಅನ್ನುತ್ತಾಳೆ ಮಾಪುಲೆಂಗ್,
ಪೀಚ್ ಗಿಡದ ಕೊಂಬೆಗೆ ನನ್ನ ಕಾಲುಚೀಲ ನೇತುಹಾಕುತ್ತ.

ಲೆಸೋಥೋದ ಈ ತುದಿಯಲ್ಲಿ, ಮೊಖೊಟ್ಲೊಂಗ್‌ನಲ್ಲಿ,
ಸಪಾಟು ರಸ್ತೆ ಅಂತ ಇಲ್ಲ.
ಏರು, ಇಲ್ಲವೇ ಇಳಿಜಾರು; ನಡುವೆ ಕತ್ತೆ.
ಮೆಕ್ಕೆಜೋಳದ ಮೂಟೆ ಹೊತ್ತ ಕತ್ತೆ ದಾರಿ ಬಿಡುವುದಿಲ್ಲ
ಮುದುಕನಿಗೂ, ಮಂತ್ರಿಯ ಕಾರಿಗೂ.
ಕಂಬಳಿ ಹೊದ್ದ ದನಗಾಹಿ ಹುಡುಗರು ಕೂಗುತ್ತಾರೆ:
"ಅಜ್ಜಾ, ಯಾರು ಅಟ್ಟಿಸಿಕೊಂಡು ಬರ್ತಿದಾರೆ?"
ನಿಮ್ಮ ನಾಯಿಗಳು ಕಣ್ರೋ, ಅನ್ನುತ್ತೇನೆ.

ಓಡುವಾಗ ಮಾತು ತಾನಾಗಿ ಬರುತ್ತದೆ.
ಮೂರನೇ ಕಿಲೋಮೀಟರಿಗೆ ಅಮ್ಮನ ಮಡಕೆಯ ಹುಳಿ ವಾಸನೆ,
ಎಂಟಕ್ಕೆ, ಗಡಿಯಾಚೆ ಚಿನ್ನದ ಗಣಿಗೆ ಒಯ್ದ ರೈಲಿನ ಮರದ ಬೆಂಚು,
ಹನ್ನೊಂದಕ್ಕೆ ನನ್ನ ದೀಪದ ನಂಬರು,
ನಾಲ್ಕು ಸಾವಿರದ ಇನ್ನೂರ ಆರು.
ಹೆಸರು ಕೇಳಿದವರೇ ಇಲ್ಲ ಇಪ್ಪತ್ತಾರು ವರ್ಷ.
ಮನೆ ಮುಟ್ಟಿ ಪುಸ್ತಕ ತೆರೆಯುವಷ್ಟರಲ್ಲಿ
ಬೆವರಿನ ಜೊತೆ ಆರಿಹೋಗಿರುತ್ತದೆ ಅರ್ಧ.
ಉಳಿದದ್ದನ್ನು ಬರೆಯಲು ಕೂತರೆ ತೊಡೆ ಹಿಡಿಯುತ್ತದೆ,
ತಡರಾತ್ರಿ ಬರೆದರೆ ಬೆಳಿಗ್ಗೆ ಮೊಣಕಾಲು ಮುನಿಯುತ್ತದೆ.
ಒಂದೇ ಕಂಬಳಿಗೆ ಇಬ್ಬರು:
ಆಚೆ ಎಳೆದರೆ ಈಚೆ ಬೆನ್ನು ಬಯಲು.

ಆಸ್ಪತ್ರೆಯ ಹುಡುಗಿ ಎದೆಯ ಚಿತ್ರ ಬೆಳಕಿಗೆ ಹಿಡಿದು
ಧೂಳು ತೋರಿಸಿದಳು, ಬೆಟ್ಟಕ್ಕೆ ಮೊದಲ ಹಿಮ ಬಿದ್ದ ಹಾಗೆ.
"ನಿಧಾನ ಓಡಿ," ಅಂದಳು. ಓಡಬೇಡಿ ಅನ್ನಲಿಲ್ಲ.
ಅದಕ್ಕೇ ಅವಳ ಹೆಸರು ಬರೆದಿಟ್ಟುಕೊಂಡಿದ್ದೇನೆ: ನ್ತಾಟಿಸಿ.
ನೆಲದಡಿ ಎರಡು ಕಿಲೋಮೀಟರು ಇಳಿಯುತ್ತಿದ್ದವನು
ಈಗ ಮೋಡದ ಪಕ್ಕ ಓಡುತ್ತೇನೆ.
ಎರಡೂ ಕಡೆ ಉಸಿರಿಗೆ ಬರ.

ಹದಿನೆಂಟು ಪುಟ ಆಗಿವೆ.
ಓದಿಸಿಕೊಂಡ ಹೆಂಡತಿ ಕೇಳಿದಳು:
"ಬೂಟಿನ ಬಗ್ಗೆ ಎರಡು ಪುಟ, ನನಗೆ ಒಂದೇ ಸಾಲೇ?"
ಬೂಟು ದಿನಾ ಜೊತೆಗಿತ್ತು, ನೀನು ವರ್ಷಕ್ಕೆ ಮೂರು ವಾರ,
ಅಂದೆ. ಅನ್ನಬಾರದಿತ್ತು.
ಗಂಜಿ ಅಲ್ಲೇ ತಣ್ಣಗಾಯಿತು.

ಹತ್ತೊಂಬತ್ತರಲ್ಲಿ ಮೊಲೆಫಿ ಬರಬೇಕು.
ಮೊದಲು ಬಂಡೆ ಮಾತಾಡಿತು, ಒಣ ಕಟ್ಟಿಗೆ ಮುರಿದಂತೆ.
ಗಣಿಯವರಿಗೆ ಗೊತ್ತು ಆ ಸದ್ದು.
ಅವನ ಕಾಲು ಆಧಾರದ ಕಂಬದಡಿ,
ಅವನ ದೀಪದ ಬೆಳಕು ನನ್ನ ಮುಖದ ಮೇಲೆ.
"ನಾನು ಓಡಿದೆ" ಎಂದು ಬರೆದಿದ್ದೇನೆ.
ವ್ಯಾಕರಣ ಸರಿಯಾಗಿದೆ. ಈ ಊರಿನಲ್ಲಿ ಯಾರೂ
ನನ್ನನ್ನು ಹಾಗಲ್ಲದೆ ಕಂಡವರಿಲ್ಲ.
ಆದರೆ ಅದು "ಓಡಿ ಹೋದೆ" ಎಂದಾಗಬೇಕು.
ಆ ಎರಡು ಅಕ್ಷರಕ್ಕೆ
ಎರಡು ಚಳಿಗಾಲ ಕಳೆದಿವೆ.

ಸೇತುವೆ ದಾಟಿದ ಮೇಲೆ ಎಡಕ್ಕೆ ಅವನ ತಂಗಿ ಮಾಸೆಬಾಟಾಳ ಮನೆ.
ಕರಿದ ಹಿಟ್ಟಿನುಂಡೆ ಮಾರುತ್ತಾಳೆ.
ಅಲ್ಲಿ ನನ್ನ ವೇಗ ಹೆಚ್ಚುತ್ತದೆ, ಏರಿದ್ದರೂ.
ನಿನ್ನೆ ಅವಳೇ ರಸ್ತೆಗೆ ಬಂದು ನಿಂತಳು, ಕೈಯಲ್ಲಿ ತಗಡಿನ ಲೋಟ.
"ನಾಲ್ಕು ವರ್ಷದಿಂದ ನೋಡ್ತಿದೀನಿ, ತ್ಸೆಲಿಸೊ.
ದಾರಿಯುದ್ದಕ್ಕೂ ಏದುಸಿರು,
ನನ್ನ ಬಾಗಿಲ ಮುಂದೆ ಮಾತ್ರ ನೀನು ಇಪ್ಪತ್ತರ ಹುಡುಗ."
ನನ್ನ ಹೆಸರಿಗೆ ಸಾಂತ್ವನ ಎಂದರ್ಥ.
ಯಾರಿಗೆ ಎಂದು ಅಮ್ಮ ಹೇಳಿರಲಿಲ್ಲ.

ನೀರು ಕುಡಿದೆ. ಲೋಟ ವಾಪಸು ಕೊಡಲಿಲ್ಲ ತಕ್ಷಣ.
ಏನೋ ಬರೀತಿದೀಯಂತೆ, ಅಂದಳು.
ಹೌದು.
ಅವನು ಬರ್ತಾನಾ ಅದರಲ್ಲಿ?

ಕತ್ತೆಯೊಂದು ನಮ್ಮಿಬ್ಬರ ನಡುವೆ ಹಾದುಹೋಯಿತು,
ಅದರ ಪಾಡಿಗೆ, ಮೂಟೆ ಹೊತ್ತು.
ನಾನು ಅವಳ ಕಟ್ಟೆಯ ಕಲ್ಲಿನ ಮೇಲೆ ಕೂತೆ.
ಮಣಿಕಟ್ಟಿನ ಗಡಿಯಾರ ಓಡುತ್ತಲೇ ಇತ್ತು,
ನಿಲ್ಲಿಸಲು ಮರೆತಿದ್ದೆ.