ಕಪ್ಪೆ ದಾಟಿಸುವ ವಾರ

ಮೂರು ಸೇತುವೆಗಳ ಪಕ್ಕ, ಲ್ಯುಬ್ಲಿಯಾನದಲ್ಲಿ,
ನನ್ನದೊಂದು ಗಾಜಿನ ಕಿಟಕಿ.
ಮಾರ್ಚ್ ಬಂತೆಂದರೆ ಎದುರಿಗೆ ಸಾಲು:
ಒದ್ದೆ ಮಳೆಕೋಟು, ಕೂಸಿನ ಗಾಡಿ, ಹೊಸ ಪ್ರೀತಿ,
ಎಲ್ಲರದೂ ಒಂದೇ ಪ್ರಶ್ನೆ,
ಈ ಶನಿವಾರ ಎಲ್ಲಿಗೆ?

ಹತ್ತೊಂಬತ್ತು ವರ್ಷದಿಂದ ದಾರಿ ಹೇಳುತ್ತಿದ್ದೇನೆ.
ಬ್ಲೆಡ್ ಕೆರೆಗೆ ಗಂಟೆಗೊಂದು ಬಸ್ಸು;
ಮೊದಲು ಕೋಟೆ ಹತ್ತಿ, ಆಮೇಲೆ ಕೆನೆ ಕೇಕು ತಿನ್ನಿ,
ಹಿಂದುಮುಂದಾದರೆ ಎರಡೂ ದಕ್ಕುವುದಿಲ್ಲ.
ವಿಪಾವಾ ಕಣಿವೆಯಲ್ಲಿ ಗಾಳಿ ನಿಮ್ಮ ಟೋಪಿ ಕೇಳುತ್ತದೆ,
ಜಗಳ ಬೇಡ, ಕೊಟ್ಟುಬಿಡಿ.
ವೊಲ್ಚಿ ಪೊಟೊಕ್ ತೋಟದ ಟ್ಯುಲಿಪ್‌ಗಳು
ಸದ್ಯಕ್ಕೆ ಮೂಗಿನ ತುದಿ ಮಾತ್ರ ತೋರಿಸಿವೆ.
ಊರು ಬಿಡಲು ಮನಸ್ಸಿಲ್ಲವೇ?
ಹನ್ನೊಂದರ ಸಂಜೆ ಗ್ರದಾಶ್ಚಿತ್ಸಾ ಹೊಳೆಗೆ ಹೋಗಿ.
ಮಕ್ಕಳು ರಟ್ಟಿನ ಮನೆ ಕಟ್ಟಿ, ಒಳಗೆ ಮೇಣದಬತ್ತಿ ಇಟ್ಟು
ನೀರಿಗೆ ಬಿಡುತ್ತಾರೆ.
ಹಿಂದೆ ಜೋಡು ಹೊಲಿಯುವವರು, ದರ್ಜಿಗಳು,
ಹಗಲು ಬೆಳೆಯಿತು, ಇನ್ನು ದೀಪದ ಹಂಗಿಲ್ಲ ಎಂದು
ಬೆಳಕನ್ನೇ ಹೊಳೆಗೆ ಎಸೆಯುತ್ತಿದ್ದರಂತೆ.
ಕೆಳಸೇತುವೆಯ ಬಳಿ ಅಗ್ನಿಶಾಮಕದವರು
ಬಲೆ ಹಿಡಿದು ಆ ಮನೆಗಳನ್ನೆಲ್ಲ ಬಾಚುತ್ತಾರೆ.
ಅದು ಕರಪತ್ರದಲ್ಲಿಲ್ಲ. ಮಕ್ಕಳೂ ಓದುತ್ತಾರೆ.

ನಾನೇ? ಬ್ಲೆಡ್‌ಗೆ ಹೋದದ್ದು ಎರಡು ಸಲ,
ಒಮ್ಮೆ ತಂಗಿಯ ಮದುವೆಗೆ, ಒಮ್ಮೆ ಹಲ್ಲುನೋವಿನಲ್ಲಿ.

ಗುರುವಾರ ಬೊಗೊಮಿಲಾ ಬಂದಳು, ಜೀವಶಾಸ್ತ್ರದ ಮೇಡಂ,
ಬೂಟಿನ ತುಂಬ ಕೆಸರು.
ಫಲಕದ ಮೇಲೆ, ಜಾಝ್ ಸಂಜೆಗೂ ಚೀಸ್ ಮೇಳಕ್ಕೂ ನಡುವೆ
ಕೈಬರಹದ ಚೀಟಿ ಚುಚ್ಚಿದಳು:
"ವೆಚ್ನಾ ಪೊತ್ ರಸ್ತೆ. ಕತ್ತಲಾದ ಮೇಲೆ.
ಮಳೆ ಇದ್ದರೆ ಇನ್ನೂ ಒಳ್ಳೆಯದು. ಬಕೆಟ್ ತನ್ನಿ.
ಕೈಗೆ ಕ್ರೀಮು ಹಚ್ಚಿಕೊಂಡು ಬರಬೇಡಿ."
ಮ್ಯಾನೇಜರ್ ರಾಸ್ತ್ಕೊ ಓದಿ,
"ಇದು ಉತ್ಸವವೂ ಅಲ್ಲ, ಪ್ರವಾಸವೂ ಅಲ್ಲ, ಕಿತ್ತುಹಾಕು" ಎಂದ.
ಕಿತ್ತೆ.
ಜೇಬಿಗೆ ಹಾಕಿಕೊಂಡೆ.

ಶನಿವಾರ ಮಳೆ.
ಗುಡ್ಡದ ಕಾಡಿನಿಂದ ಆಚೆಯ ಕೊಳಕ್ಕೆ
ಹೊರಟಿವೆ ಕಪ್ಪೆಗಳು, ಯಾರನ್ನೂ ದಾರಿ ಕೇಳದೆ.
ನಡುವೆ ರಸ್ತೆ. ರಸ್ತೆಯುದ್ದಕ್ಕೂ ಮೊಣಕಾಲೆತ್ತರದ ಬೇಲಿ.
ಬೇಲಿಗೆ ಮೂಗು ತಾಗಿಸಿ ಕೂತ ಒಂದೊಂದನ್ನೂ
ಎತ್ತಬೇಕು, ಬಕೆಟ್ಟಿಗೆ ಹಾಕಬೇಕು, ದಾಟಿಸಬೇಕು.

ಸೇರು ಕಪ್ಪೆ ತೂಗಿದ ಹಾಗೆ ಅನ್ನುತ್ತೇವಲ್ಲ,
ತೂಗಿ ನೋಡಿದವರು ಯಾರೋ, ಎಣಿಸಿ ನೋಡಿ ಸಾಕು.
ನಿವೃತ್ತ ಅಂಚೆಯವ ಒಟ್ಮಾರ್ ಛತ್ರಿಯಡಿ ಪಟ್ಟಿ ಹಿಡಿದು ನಿಂತಿದ್ದ:
ನಲವತ್ತೆರಡು ಎನ್ನುವಾಗ ಒಂದು ಹಾರಿತು, ನಲವತ್ತೊಂದು.
ಅದೇ ಮರಳಿ ಬಂತೋ, ಅದರ ನೆಂಟನೋ, ಮತ್ತೆ ನಲವತ್ತೆರಡು.
ನನ್ನ ಅಂಗೈ ಮೇಲೆ ದಪ್ಪನೆಯ ಹೆಣ್ಣು,
ಬೆನ್ನಿಗೆ ಅಂಟಿಕೊಂಡ ಚೋಟುದ್ದದ ಗಂಡ.
"ಇದನ್ನು ಹೇಗೆ ಬರೆಯಲಿ?" ಎಂದ ಒಟ್ಮಾರ್.
ಪಟ್ಟಿಯಲ್ಲಿ ಎರಡು, ಎಂದೆ. ನಡಿಗೆಯಲ್ಲಿ ಒಬ್ಬಳೇ.
ಬಕೆಟ್ ಹಿಡಿದ ಹೆಂಗಸರು ನಕ್ಕರು,
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.

ವೆಚ್ನಾ ಪೊತ್ ಅಂದರೆ ಕೊನೆಯಿಲ್ಲದ ದಾರಿ.
ಅಗಲ, ನಾನೇ ಅಳೆದೆ, ಹನ್ನೊಂದು ಹೆಜ್ಜೆ.
ಹೋದೆ, ಬಂದೆ, ಹೋದೆ.
ಬಕೆಟ್ಟಿನ ತಳದಲ್ಲಿ ತಣ್ಣನೆಯ ಗುಂಡಿಗೆಗಳ ದಡಬಡ.
ದೀಪ ತಗ್ಗಿಸಿ ನಿಂತ ಕಾರಿನವನು ಗಾಜು ಇಳಿಸಿದ,
ಪಕ್ಕದ ಸೀಟಿನಲ್ಲಿ ಕೇಕಿನ ಡಬ್ಬಿ,
ನನ್ನ ಸಾಲಿನವನೇ ಇರಬೇಕು.
"ಏನು ಹಬ್ಬ ಇಲ್ಲಿ?"
ಹನ್ನೊಂದು ಮುಗಿಯಲಿ ತಡಿ, ಎಂದೆ,
ಏಳರಲ್ಲಿದ್ದೇನೆ.

ಸೋಮವಾರ. ಕಿಟಕಿ.
ಗಾಜಿಗೆ ಕೆನ್ನೆ ಒತ್ತಿ ಒಬ್ಬಳು ಪುಟ್ಟ ಹುಡುಗಿ,
ಹಿಂದೆ ಅವಳಪ್ಪ: "ವಾರದ ಕೊನೆಗೆ ಏನಾದರೂ ಇದೆಯೇ,
ತುಂಬ ದೂರ ಬೇಡ?"
ರಾಸ್ತ್ಕೊ ಕಾಫಿ ತರಲು ಹೋಗಿದ್ದ.
ನಾನು ಬಗ್ಗಿ ಕೇಳಿದೆ,
ಕೈಗೆ ಏನಾದರೂ ಕ್ರೀಮು ಹಚ್ಚುತ್ತೀಯಾ, ಮರಿ?