ಎರಡು ಸೊನ್ನೆ ಮೂರು

ಗುಜರಿಗೆ ಬಿದ್ದ ವಿಮಾನದ ಪೆಟ್ಟಿಗೆಯೊಂದನ್ನು
ಜವರಯ್ಯ ಮೇಷ್ಟ್ರು ಗೋಣಿಚೀಲದಲ್ಲಿ ಸುತ್ತಿ
ಹಾಸನದ ಪಾಲಿಟೆಕ್ನಿಕ್ಕಿಗೆ ತಂದರು.
ಅದರ ಬೆನ್ನಿಂದ ಹೊರಟ ಎರಡು ತಂತಿ,
ನೀಲಿ, ಬಿಳಿ,
ಜಡೆಯ ಹಾಗೆ ಹೊಸೆದದ್ದು.

"ಇದೇ ಬಸ್ಸು" ಅಂದರು.
ಹಿಂದಿನ ಬೆಂಚು ನಕ್ಕಿತು: "ಕಂಡಕ್ಟರ್ ಎಲ್ಲಿ ಸಾರ್?"
"ತಾಮ್ರ" ಅಂದರು, ನಗದೆ.

ಹೇಳುವುದು ಒಬ್ಬರೇ. ಕೇಳಲು ಇಪ್ಪತ್ತು ಕಿವಿ.
ಕೇಳಿಸಿತೆಂದು ಯಾರೂ ತಿರುಗಿ ಹೇಳುವಂತಿಲ್ಲ,
ಈ ತಂತಿಗೆ ವಾಪಸು ದಾರಿಯಿಲ್ಲ.
ಮೂವತ್ತೆರಡು ಬಿಟ್‌ಗಳ ಮಾತು,
ಬಿಟ್ ಬಿಟ್‌ಗೂ ಸೊನ್ನೆಗಿಳಿದು ಒಂದು ಉಸಿರು.

ನನಗೆ ಅಮ್ಮ ನೆನಪಾದಳು.
ಬಸ್‌ಸ್ಟ್ಯಾಂಡಿನ ಗಾಜಿನ ಗೂಡಲ್ಲಿ ಮೈಕು ಹಿಡಿದು
"ಬೇಲೂರು, ಬೇಲೂರು, ಅಂಕಣ ಆರು."
ಬೇಲೂರಿನವರು ಏಳುತ್ತಾರೆ.
ಅರಕಲಗೂಡಿನವರು ಕಡಲೆಕಾಯಿ ಸುಲಿಯುತ್ತಲೇ ಇರುತ್ತಾರೆ.
ಗೂಡಿನತ್ತ ತಲೆಯಾಡಿಸುವವರಿಲ್ಲ.
ಅವಳು ಮತ್ತೆ ಹೇಳುತ್ತಾಳೆ.

ಪೆಟ್ಟಿಗೆಗೆ ಕರೆಂಟು ಕೊಟ್ಟು ತಬಸ್ಸುಮ್ ಪ್ರೋಬ್ ಚುಚ್ಚಿದಳು.
ಪರದೆಯ ಮೇಲೆ ಹಸಿರು ಹಲ್ಲುಗಳು.
ಎಣಿಸಿದೆವು, ತಪ್ಪಿದೆವು, ಬೆರಳಿಟ್ಟು ಎಣಿಸಿದೆವು.
ಲೇಬಲ್ ಎರಡು ಸೊನ್ನೆ ಮೂರು: ಎತ್ತರ.
ಬೆಂಚಿನ ಮೇಲೆ ಕೂತಲ್ಲೇ ಅದು ಹೇಳಿತು
ಮೂರು ಸಾವಿರದ ನೂರ ಹತ್ತು ಅಡಿ.

"ಕೆಟ್ಟಿದೆ ಸಾರ್, ನಾವು ನೆಲದ ಮೇಲಿದ್ದೀವಲ್ಲ!"
ಮೇಷ್ಟ್ರು ಕಿಟಕಿ ತೆರೆದರು.
ಹೊರಗೆ ಆಲೂಗಡ್ಡೆ ಲಾರಿಯೊಂದು ರಿವರ್ಸ್ ಬರುತ್ತಿತ್ತು,
ಯಾರೋ "ಬರ್ಲಿ ಬರ್ಲಿ" ಅನ್ನುತ್ತಿದ್ದರು.
"ಕಡಲಿಂದ ಲೆಕ್ಕ ಹಾಕು.
ಎರಡು ವರ್ಷದಿಂದ ಕಪಾಟಲ್ಲಿತ್ತು, ಪಾಪ,
ಯಾರೂ ಕೇಳಿರಲಿಲ್ಲ."

ಸಂಜೆ ಬಸ್‌ಸ್ಟ್ಯಾಂಡಲ್ಲಿ
"ಬೇಲೂರು, ಬೇಲೂರು" ಅಂದಾಗ
ಎಲ್ಲಿಗೂ ಹೋಗಬೇಕಿಲ್ಲದ ನಾನು
ಎದ್ದು ನಿಂತೆ.
ಅಮ್ಮ ನೋಡಲಿಲ್ಲ.
ಚೀಟಿ ತಿರುವಿ, ಕೆಮ್ಮಿ,
"ಅರಕಲಗೂಡು" ಅಂದಳು.