ಎಡಗೈ

ರಾತ್ರಿ ಮೂರು ಗಂಟೆ.
ಭಟ್ಟಿಗೆ ಹೊಟ್ಟು ಸುರಿದು ಬೆಂಕಿ ಎಬ್ಬಿಸುವ ಹೊತ್ತು.
ಮಂಡಕ್ಕಿ ಚೀಲಕ್ಕೆ ಫೋನು ಒರಗಿಸಿಟ್ಟೆ.
ಅಲ್ಲಿ, ಹೆಸರು ನಾಲಿಗೆಗೆ ಹತ್ತದ ಊರಿನಲ್ಲಿ, ಇನ್ನೂ ಸಂಜೆ.
ಈಜುವವರು ಮೈ ಒರೆಸಿಕೊಂಡು ಹೋಗಿದ್ದಾರೆ,
ಬಿಲ್ಲಿನವರು ಬಿಲ್ಲು ಇಳಿಸಿದ್ದಾರೆ,
ಈಗ ಐವತ್ತು ಕೆಜಿಯ ಹುಡುಗಿಯರ ಸರದಿ.

ನೀಲಿ ಮೂಲೆಯಲ್ಲಿ ಹಗ್ಗ ತೂರಿ ಬಂದೆ ನೀನು.
ಬೆನ್ನಿನ ಮೇಲೆ ದೇಶದ ಹೆಸರಷ್ಟೇ, ದಾವಣಗೆರೆ ಇಲ್ಲ.
ಮೈಕಿನವನು ನಿನ್ನ ಹೆಸರನ್ನು ಎರಡು ಸಲ ಎಡವಿ
ಮೂರನೇ ಸಲ 'ಊಚಾಂಗಾಮಾ' ಅಂದ.
ಗುಡ್ಡದ ಮೇಲಿನ ಅಮ್ಮ ಕೇಳಿದ್ದರೆ ನಕ್ಕುಬಿಡುತ್ತಿದ್ದಳು.
ನಾನಂತೂ ನಕ್ಕೆ.

ಐವತ್ತು ಕೆಜಿ ನಾನೂ ಇದ್ದೆ, ಉಚ್ಚಂಗಿ.
ನಿಂತುಹೋದ ಹತ್ತಿ ಮಿಲ್ಲಿನ ಗೋದಾಮಿನಲ್ಲಿ
ನಾಲ್ಕು ಕಂಬಕ್ಕೆ ಬಾವಿ ಹಗ್ಗ ಸುತ್ತಿ
'ಇದೇ ರಿಂಗು' ಅಂದಿದ್ದರು ಜಬಿ ಉಸ್ತಾದರು.
ಹುರಿದು ಹುರಿದು ಕಪ್ಪಾದ ಭಟ್ಟಿ ಮರಳನ್ನು
ಗೋಣಿಗೆ ತುಂಬಿ ತೂಗುಹಾಕಿದ್ದರು.
ಗುದ್ದಿದರೆ ಹೊಗೆಯ ವಾಸನೆ ಬರುತ್ತಿತ್ತು.
ಅವರು ಕುಸ್ತಿಯವರು; ಹಿಡಿಯಬಾರದ ಈ ಆಟ
ಕೊನೆತನಕ ಅವರಿಗೆ ಒಗ್ಗಲಿಲ್ಲ.
'ಕೈಗೆ ಸಿಕ್ಕವಳನ್ನ ಬಿಡೋದು ಯಾವ ನ್ಯಾಯ?' ಎಂದು
ಕೆಮ್ಮುತ್ತಲೇ ಸೀಟಿ ಊದುತ್ತಿದ್ದರು.

ಅರ್ಜಿಯಲ್ಲಿ ನಮ್ಮನ್ನು ಹವ್ಯಾಸಿ ಎಂದು ಬರೆದರು.
ತೂಕ ಕೊಡುವ ಹಿಂದಿನ ದಿನ
ಬೆಂಕಿಯ ಮುಂದೆ ಸ್ವೆಟರು ತೊಟ್ಟು ಕೂತು,
ಲೋಟ ನೀರಿಗೂ ಲೆಕ್ಕ ಇಟ್ಟು,
ಮುನ್ನೂರು ಗ್ರಾಂ ಬೆವರಾಗಿ ಇಳಿಸಿದ್ದು
ಹವ್ಯಾಸವಂತೆ.
ಪಕ್ಕದಲ್ಲಿ ಆನೆಮರಿಯಷ್ಟು ಮಂಡಕ್ಕಿ ಚೀಲ,
ಒಂದೇ ಕೈಯಲ್ಲಿ ಎತ್ತಿ ತೋರಿಸಿದೆ ನೀನು:
'ಇದರಂಗೆ ಹುಟ್ಟಬೇಕಿತ್ತು ಕಣೇ. ಉಬ್ಬಿದಷ್ಟೂ ಹಗುರ.'

ಒಂದು ತೂಕಕ್ಕೆ ಒಬ್ಬಳೇ.
ಆಯ್ಕೆಯ ದಿನ ನೀನು ಗೆದ್ದೆ. ಚೆನ್ನಾಗಿಯೇ ಗೆದ್ದೆ.
ವಾಪಸು ಬರುವ ಬಸ್ಸಿನಲ್ಲಿ ನಿನ್ನ ಹೆಗಲಿಗೊರಗಿ
ಹರಿಹರದ ತನಕ ನಿದ್ದೆ ಮಾಡಿದೆ,
ನಿದ್ದೆ ಬಂದವಳ ಹಾಗೆ.

ಮೊದಲ ಸುತ್ತು ನಿನ್ನದು.
ಜರಡಿ ಹಿಡಿದದ್ದು ಮರೆತು ಬೆರಳು ಸುಟ್ಟುಕೊಂಡೆ.
ಎರಡನೆಯದರಲ್ಲಿ ಕೆಂಪಂಗಿಯವಳು ಸುಮ್ಮನೆ ಕಾದಳು.
ನೀನು ಎಡಗೈ ಚಾಚಿದೆ,
ಎಳೆದುಕೊಳ್ಳುವಾಗ ಅದು ಗಲ್ಲದ ಕಾವಲು ಬಿಟ್ಟು
ಒಂದು ಗೇಣು ಕೆಳಗಿಳಿಯಿತು,
ಸೊಂಟದ ಕೊಡ ಇಳಿಸುವವರ ಹಾಗೆ.
ಅವಳು ಕಂಡಳು.

ನಾನು ಮೊದಲೇ ಕಂಡಿದ್ದೆ.
ಆಯ್ಕೆ ಮುಗಿದ ಮರುವಾರ, ನಿನ್ನ ಗುದ್ದಿಗೆ ಪ್ಯಾಡು ಹಿಡಿದಾಗ.
ಉಸ್ತಾದರ ಕಣ್ಣಿಗೂ ಬೀಳದ ಗೇಣು.
ಹೇಳಲಿಲ್ಲ.
ಇನ್ನೊಂದು ವರ್ಷ, ಇನ್ನೊಂದು ಆಯ್ಕೆ ಬರಲಿ ಎಂದು
ಅಕ್ಕಿ ಡಬ್ಬಿಯ ತಳದ ನೋಟಿನಂತೆ
ಮುಚ್ಚಿಟ್ಟುಕೊಂಡೆ.

'ಎಡಗೈ! ಎಡಗೈ ಮೇಲೆ!' ಎಂದು ಈಗ ಕೂಗಿದೆ,
ಫೋನಿಗೆ, ಹೊಗೆಗೆ, ನಡುವಿನ ಅಷ್ಟೂ ಸಮುದ್ರಕ್ಕೆ.
ಹುರಿಯುವವರು ತಿರುಗಿ ನೋಡಿದರು.
ಬಾಣಲೆಯಲ್ಲಿ ಅಕ್ಕಿ ಪಟಪಟ ಸಿಡಿಯಿತು.

ಮೂರನೇ ಸುತ್ತಿನ ಕೊನೆಗೆ ಇಬ್ಬರೂ ಆತುಕೊಂಡಿರಿ,
ಗೋಡೆಗೆ ಗೋಡೆ ಒರಗಿದಂತೆ.
ರೆಫರಿ ಬಿಡಿಸಿದ.
ಉಸ್ತಾದರು ಇದ್ದಿದ್ದರೆ ಅವನಿಗೆ ಬೈಗುಳ ಬೀಳುತ್ತಿತ್ತು.
ಐದು ಕುರ್ಚಿಗಳಲ್ಲಿ ಮೂರು ಕೆಂಪಿನ ಕಡೆ ವಾಲಿದವು.
ಅವಳ ಕೈ ಎತ್ತಿದ ಮೇಲೂ ನಿನ್ನ ಕೈಯನ್ನು
ಅವನು ಹಿಡಿದೇ ಇದ್ದ, ಮರೆತವನ ಹಾಗೆ.

ಐದೂವರೆಗೆ ನೀನೇ ಫೋನು ಮಾಡಿದೆ. ತುಟಿ ಊದಿ ಮಾತು ದಪ್ಪ.
'ಶಮ್ಮಿ, ನನ್ನ ಎಡಗೈ ಕೆಳಗೆ ಬೀಳತೈತಂತೆ.
ಕೋಚು ವಿಡಿಯೋ ತೋರಿಸಿದ್ರು.
ನಿಂಗೆ ಗೊತ್ತಿತ್ತೇನೇ?'

'ಇಲ್ಲಿ ಗದ್ದಲ ಕಣೇ, ಏನೂ ಕೇಳಸ್ತಿಲ್ಲ' ಅಂದೆ.
ಭಟ್ಟಿ ಆರಿ ಆಗಲೇ ಅರ್ಧ ಗಂಟೆ.
ಚೀಲದ ಬಾಯಿ ಹೊಲಿಯುತ್ತಿದ್ದ ಮುದುಕ
ದಬ್ಬಣ ನಿಲ್ಲಿಸಿ ನನ್ನ ಮುಖ ನೋಡಿದ.